ಸ್ಪೋರ್ಟ್ಸ್ ಕಾರಿಗೆ ಕಡಿಮೆ ಖರ್ಚಿನ ಟೈರ್: ಎಲ್ಲಿ ಉಳಿಸಬಹುದು, ಎಲ್ಲಿ ಬೇಡ

ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಅದರ ಟೈರಿನ ಬೆಲೆ ಇಳಿಯುವುದಿಲ್ಲ. ಹಳೆಯ ಸ್ಪೋರ್ಟ್ಸ್ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಅರ್ಧ ದುಡ್ಡಿಗೆ ತಂದ ಖುಷಿ ನಾಲ್ಕು ಟೈರಿನ ಬಿಲ್ ನೋಡುವ ತನಕ ಮಾತ್ರ. ಆಮೇಲೆ ಎಲ್ಲರೂ ಮಾಡುವುದು ಒಂದೇ ಕೆಲಸ: ಸೈಜ್ ಟೈಪ್ ಮಾಡಿ, ಕಡಿಮೆ ಬೆಲೆಯದು ಮೊದಲು ಬರುವ ಹಾಗೆ ಜೋಡಿಸಿ, ಮೇಲಿನ ಮೂರು ಹೆಸರು ನೋಡುವುದು. ಅದರಲ್ಲಿ ಎರಡನ್ನು ಎಲ್ಲೂ ಕೇಳಿಯೇ ಇರುವುದಿಲ್ಲ.

ಬೆಲೆ ನೋಡಿ ಜೋಡಿಸುವುದು ತಪ್ಪೇನಲ್ಲ, ಆದರೆ ಅದು ಕೊನೆಯಲ್ಲಿ ಮಾಡುವ ಕೆಲಸ. ಮೊದಲು ನಿಮಗೆ ಯಾವ ಬಗೆಯ ಟೈರ್ ಬೇಕು ಅಂತ ತೀರ್ಮಾನಿಸಿ, ಆಮೇಲೆ ಆ ಬಗೆಯೊಳಗೆ ಅಗ್ಗದ್ದು ಹುಡುಕಿ. ನನ್ನ ನಿಲುವು ಇಷ್ಟು: ಒದ್ದೆ ರಸ್ತೆಯ ಹಿಡಿತ ಒಂದನ್ನು ಬಿಟ್ಟು ಬೇರೆ ಯಾವುದರಲ್ಲಿ ಬೇಕಾದರೂ ಉಳಿಸಿ. ಸದ್ದು, ಬಾಳಿಕೆ, ಬ್ರಾಂಡಿನ ಹೆಸರು, ಟ್ರ್ಯಾಕ್ ಮೇಲಿನ ಅರ್ಧ ಸೆಕೆಂಡು, ಇವುಗಳಲ್ಲಿ ಯಾವುದನ್ನು ಬಿಟ್ಟರೂ ಬದುಕಬಹುದು.

ಸೈಡ್‌ವಾಲ್ ಮೇಲೆ ಬರೆದಿರುವುದು

225/45 ಆರ್17 94 ಡಬ್ಲ್ಯೂ ಅಂತ ಇದೆ ಅಂದುಕೊಳ್ಳಿ. 225 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 45 ಅಂದರೆ ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ 45. ಆರ್ ಅಂದರೆ ರೇಡಿಯಲ್, 17 ರಿಮ್ಮಿನ ಇಂಚು. ಇದು ಹೆಚ್ಚಿನವರಿಗೆ ಗೊತ್ತು. ಕೊನೆಯ ಎರಡನ್ನೇ ಜನ ಬಿಟ್ಟುಬಿಡುವುದು. 94 ಅಂದರೆ ಒಂದು ಟೈರ್ 670 ಕೆಜಿ ಹೊರುತ್ತದೆ ಅಂತ; 91 ಆದರೆ 615 ಕೆಜಿ. ಡಬ್ಲ್ಯೂ ಅಂದರೆ ಗಂಟೆಗೆ 270 ಕಿಮೀ ವೇಗದ ತನಕ ತಾಳುತ್ತದೆ ಅಂತ. ಎಚ್ 210, ವಿ 240, ವೈ 300.

"ನಾನು 270ರಲ್ಲಿ ಓಡಿಸುವುದೇ ಇಲ್ಲವಲ್ಲ, ಎಚ್ ಸಾಕು" ಅನ್ನುವವರು ಇದ್ದಾರೆ. ಆ ಅಕ್ಷರ ಬರೀ ವೇಗದ ಲೆಕ್ಕ ಅಲ್ಲ. ಟೈರ್ ಎಷ್ಟು ಬಿಸಿ ತಡೆಯುತ್ತದೆ ಅನ್ನುವುದೂ ಅದರಲ್ಲಿ ಸೇರಿದೆ, ಮತ್ತು ಸಾಮಾನ್ಯವಾಗಿ ಜಾಸ್ತಿ ರೇಟಿಂಗ್ ಇರುವ ಟೈರಿನ ಮೈ ಗಟ್ಟಿಯಾಗಿದ್ದು ಸ್ಟೀರಿಂಗ್ ತಿರುಗಿಸಿದ ಕೂಡಲೇ ಸ್ಪಂದಿಸುತ್ತದೆ. ಕಾರಿನ ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲೋ ಮ್ಯಾನುಯಲ್‌ನಲ್ಲೋ ಬರೆದಿರುವ ಲೋಡ್ ಸಂಖ್ಯೆ ಮತ್ತು ವೇಗದ ಅಕ್ಷರಕ್ಕಿಂತ ಕೆಳಗೆ ಇಳಿಯಬೇಡಿ. ಮೇಲೆ ಹೋದರೆ ತೊಂದರೆ ಇಲ್ಲ.

ಬ್ರಾಂಡಿಗಿಂತ ಬಗೆ ಮುಖ್ಯ

ಹೆಚ್ಚಿನವರು ಹೋಲಿಸುವುದು ಬ್ರಾಂಡಿಗೆ ಬ್ರಾಂಡ್. ಆದರೆ ಒಂದೇ ಕಂಪನಿಯ ಎರಡು ಬಗೆಗಳ ನಡುವೆ ಇರುವ ಅಂತರ, ಒಂದೇ ಬಗೆಯ ಎರಡು ಒಳ್ಳೆಯ ಕಂಪನಿಗಳ ನಡುವೆ ಇರುವ ಅಂತರಕ್ಕಿಂತ ಎಷ್ಟೋ ದೊಡ್ಡದು.

ಎಲ್ಲಕ್ಕಿಂತ ಕೆಳಗೆ ಟೂರಿಂಗ್ ಟೈರುಗಳು. ಸದ್ದು ಕಡಿಮೆ, ಬಾಳಿಕೆ ಜಾಸ್ತಿ, ಹಿಡಿತ ಸಾಧಾರಣ. ಸ್ಪೋರ್ಟ್ಸ್ ಕಾರಿಗೆ ಇದನ್ನು ಹಾಕುವುದೇ ಅಪರಾಧ ಎನ್ನುವ ಹಾಗೆ ಕೆಲವರು ಮಾತಾಡುತ್ತಾರೆ. ಆದರೆ 2012ರಲ್ಲಿ ಬಂದ ಟೊಯೊಟಾ 86 ಕಾರಿಗೆ ಕಂಪನಿಯೇ ಹಾಕಿಕೊಟ್ಟಿದ್ದು ಮಿಷೆಲಿನ್ ಪ್ರೈಮಸಿ ಎಚ್‌ಪಿ, 215/45 ಆರ್17, ಅಂದರೆ ಇದೇ ಜಾತಿಯ ಟೈರು. ಹಿಡಿತ ಕಡಿಮೆ ಇದ್ದರೆ ಸಾಧಾರಣ ವೇಗದಲ್ಲೇ ಕಾರಿನ ಹಿಂಭಾಗ ಆಡುತ್ತದೆ, ಓಡಿಸುವವನಿಗೆ ಮಜಾ ಸಿಗುತ್ತದೆ. ಹಗುರವಾದ, ಶಕ್ತಿ ಕಡಿಮೆ ಇರುವ ಕಾರಿಗೆ ಈ ಯೋಚನೆ ಸರಿಹೋಗುತ್ತದೆ. 400 ಅಶ್ವಶಕ್ತಿಯ ಹಿಂಚಕ್ರ ಚಾಲನೆಯ ಕಾರಿಗೆ ಖಂಡಿತ ಬೇಡ.

ಅದರ ಮೇಲೆ ಬರುವುದು ಹೈ ಪರ್ಫಾರ್ಮೆನ್ಸ್ ಆಲ್ ಸೀಸನ್. ಕಾಂಟಿನೆಂಟಲ್ ಎಕ್ಸ್‌ಟ್ರೀಮ್‌ಕಾಂಟ್ಯಾಕ್ಟ್ ಡಿಡಬ್ಲ್ಯೂಎಸ್06 ಪ್ಲಸ್, ಮಿಷೆಲಿನ್ ಪೈಲಟ್ ಸ್ಪೋರ್ಟ್ ಆಲ್ ಸೀಸನ್ 4 ಈ ಗುಂಪಿನವು. ಚಳಿಯಲ್ಲೂ ರಬ್ಬರ್ ಮೆದುವಾಗಿ ಉಳಿಯುತ್ತದೆ, ತೆಳುವಾದ ಹಿಮವಿದ್ದರೆ ನಿಭಾಯಿಸುತ್ತದೆ, ಬೇಗ ಸವೆಯುವುದಿಲ್ಲ. ಬಿಸಿಲಿನಲ್ಲಿ ಜೋರಾಗಿ ಓಡಿಸಿದರೆ ಟ್ರೆಡ್, ಅಂದರೆ ರಸ್ತೆಗೆ ತಾಗುವ ಗೀರುಗಳಿರುವ ಪದರ, ಸ್ವಲ್ಪ ಅಲುಗಾಡಿದ ಹಾಗೆ ಅನಿಸುತ್ತದೆ, ಬೇಸಿಗೆ ಟೈರಿನ ಬಿಗಿ ಇರುವುದಿಲ್ಲ. ವರ್ಷಪೂರ್ತಿ ಒಂದೇ ಸೆಟ್‌ನಲ್ಲಿ ಓಡಾಡಬೇಕು, ಜಾಗ ತಂಪು, ಅನ್ನುವವರಿಗೆ ಇದೇ ಸರಿ.

ಮೂರನೆಯದು ಸಮ್ಮರ್ ಟೈರ್, ಅದರಲ್ಲೂ ಮ್ಯಾಕ್ಸ್ ಪರ್ಫಾರ್ಮೆನ್ಸ್ ಅಂತ ಮಾರುವ ಬಗೆ. ಮಿಷೆಲಿನ್ ಪೈಲಟ್ ಸ್ಪೋರ್ಟ್ 4ಎಸ್, ಕಾಂಟಿನೆಂಟಲ್ ಎಕ್ಸ್‌ಟ್ರೀಮ್‌ಕಾಂಟ್ಯಾಕ್ಟ್ ಸ್ಪೋರ್ಟ್ 02, ಬ್ರಿಡ್ಜ್‌ಸ್ಟೋನ್ ಪೊಟೆನ್ಜಾ ಸ್ಪೋರ್ಟ್ ಇಲ್ಲಿನ ದೊಡ್ಡ ಹೆಸರುಗಳು. ಇವುಗಳ ಬೆನ್ನಿಗೇ ಕಡಿಮೆ ಬೆಲೆಯ ಒಂದು ದಂಡೇ ಇದೆ, ಅದರ ಬಗ್ಗೆ ಮುಂದೆ ಬರೆದಿದ್ದೇನೆ. ಹೆಸರು ಸಮ್ಮರ್ ಅಂತ ಇದ್ದರೂ ಮಳೆಯಲ್ಲಿ ಇವೇ ಚೆನ್ನಾಗಿ ಹಿಡಿಯುತ್ತವೆ. ಕೈಕೊಡುವುದು ಚಳಿಯಲ್ಲಿ. ಉಷ್ಣತೆ ಸುಮಾರು 7 ಡಿಗ್ರಿಗಿಂತ ಕೆಳಗೆ ಇಳಿದರೆ ರಬ್ಬರ್ ಬಿರುಸಾಗುತ್ತದೆ, ಹಿಡಿತ ಬೀಳುತ್ತದೆ. ಕೊರೆಯುವ ಚಳಿಯಲ್ಲಿ ಓಡಿಸಿದರೆ ಟ್ರೆಡ್ ಬಿರುಕು ಬಿಡುವುದೂ ಉಂಟು.

ನಾಲ್ಕನೆಯದು 200 ಟ್ರೆಡ್‌ವೇರ್ ಟೈರುಗಳು (ಟ್ರೆಡ್‌ವೇರ್ ಅಂದರೆ ಸವೆತದ ಸಂಖ್ಯೆ, ವಿವರ ಮುಂದೆ ಇದೆ): ಬ್ರಿಡ್ಜ್‌ಸ್ಟೋನ್ ಆರ್‌ಇ-71ಆರ್‌ಎಸ್, ಯೊಕೊಹಾಮಾ ಎ052, ಹ್ಯಾಂಕೂಕ್ ಆರ್‌ಎಸ್4, ಫಾಲ್ಕನ್ ಆರ್‌ಟಿ615ಕೆ ಪ್ಲಸ್ ಇತ್ಯಾದಿ. ಬಿಸಿಲಿನಲ್ಲಿ ಅದ್ಭುತ. ದಿನವೂ ಓಡಾಡಲು ಮಾತ್ರ ಸುಮ್ನೆ ದುಡ್ಡು ಸುಟ್ಟ ಹಾಗೆ. ಬೇಗ ಸವೆಯುತ್ತವೆ, ಗೊಂಯ್ ಅನ್ನುತ್ತವೆ, ರಸ್ತೆಯ ಮೇಲೆ ನೀರು ನಿಂತಿದ್ದರೆ ಜಾಗ್ರತೆ ಬೇಕು. ಇದಕ್ಕೂ ಮೇಲೆ ಟೊಯೊ ಆರ್888ಆರ್ ತರಹದ ಸೆಮಿ ಸ್ಲಿಕ್‌ಗಳು, ಅಂದರೆ ಗೀರುಗಳು ತೀರಾ ಕಡಿಮೆ ಇರುವ ಟ್ರ್ಯಾಕ್ ಟೈರುಗಳು, ಇವೆ. ಕಡಿಮೆ ಖರ್ಚಿನ ಮಾತು ಆಡುವಾಗ ಅವುಗಳ ಗೊಡವೆ ಬೇಡ.

ಟ್ರೆಡ್‌ವೇರ್ ಸಂಖ್ಯೆಯನ್ನು ಎಷ್ಟು ನಂಬಬೇಕು

ಅಮೆರಿಕದ ನಿಯಮದಂತೆ ಟೈರಿನ ಪಕ್ಕದಲ್ಲಿ ಮೂರು ಗ್ರೇಡ್ ಇರುತ್ತವೆ: ಸವೆತ, ಒದ್ದೆಯಲ್ಲಿ ಹಿಡಿತ, ಬಿಸಿ ತಡೆಯುವ ಶಕ್ತಿ. ಸವೆತದ ಸಂಖ್ಯೆ 100 ಇರುವ ಟೈರನ್ನು ಅಳತೆಗೋಲಾಗಿ ಇಟ್ಟುಕೊಂಡರೆ 300 ಇರುವುದು ಪರೀಕ್ಷೆಯಲ್ಲಿ ಅದರ ಮೂರು ಪಟ್ಟು ಬಾಳಬೇಕು. ಮೇಲೆ ಹೇಳಿದ ಪೈಲಟ್ ಸ್ಪೋರ್ಟ್ 4ಎಸ್‌ಗೆ 300, ಎಕ್ಸ್‌ಟ್ರೀಮ್‌ಕಾಂಟ್ಯಾಕ್ಟ್ ಸ್ಪೋರ್ಟ್ 02ಗೆ 340, ಡಿಡಬ್ಲ್ಯೂಎಸ್06 ಪ್ಲಸ್‌ಗೆ 560.

ಇಲ್ಲೊಂದು ಕೊಕ್ಕೆ ಇದೆ. ಈ ಸಂಖ್ಯೆ ಕೊಡುವುದು ಸರ್ಕಾರ ಅಲ್ಲ, ಟೈರ್ ಕಂಪನಿಯೇ. ಪರೀಕ್ಷೆಯಲ್ಲಿ ಬಂದದ್ದಕ್ಕಿಂತ ಕಡಿಮೆ ಬರೆದುಕೊಂಡರೆ ಯಾರೂ ಕೇಳುವುದಿಲ್ಲ. ಅಮೆರಿಕದ ಎಸ್‌ಸಿಸಿಎ ಕ್ಲಬ್ ನಡೆಸುವ ಆಟೊಕ್ರಾಸ್‌ನ (ಕೋನ್‌ಗಳ ನಡುವೆ ಸಮಯದ ಲೆಕ್ಕದಲ್ಲಿ ಓಡಿಸುವ ಸ್ಪರ್ಧೆ) ಸ್ಟ್ರೀಟ್ ವರ್ಗದಲ್ಲಿ ಟೈರಿನ ಸಂಖ್ಯೆ ಕನಿಷ್ಠ 200 ಇರಬೇಕು ಅನ್ನುವ ನಿಯಮ ಬಂದ ಮೇಲೆ, ಮಾರುಕಟ್ಟೆಯ ಅಂಟಂಟು ಟೈರುಗಳೆಲ್ಲ ಸರಿಯಾಗಿ 200ಕ್ಕೇ ಬಂದು ನಿಂತಿವೆ. ಕಾಕತಾಳೀಯ ಅಂತೀರಾ? ಹಾಗಾಗಿ ಒಂದೇ ಕಂಪನಿಯ ಎರಡು ಟೈರುಗಳನ್ನು ಹೋಲಿಸಲು ಈ ಸಂಖ್ಯೆ ಉಪಯೋಗಕ್ಕೆ ಬರುತ್ತದೆ, ಬೇರೆ ಬೇರೆ ಕಂಪನಿಗಳ ನಡುವೆ ಅಂದಾಜಿಗೆ ಮಾತ್ರ.

ಆದರೂ ಖರ್ಚಿನ ಲೆಕ್ಕ ಹಾಕಲು ಬೇರೆ ದಾರಿ ಇಲ್ಲ. ಬೆಲೆಯನ್ನು ನಿರೀಕ್ಷಿಸುವ ಕಿಲೋಮೀಟರಿನಿಂದ ಭಾಗಿಸಿ ನೋಡಿ. ಅರ್ಧ ಬೆಲೆಯ ಟೈರ್ ಅರ್ಧ ದೂರಕ್ಕೇ ಸವೆದರೆ ಉಳಿದದ್ದೇನೂ ಇಲ್ಲ, ಮೇಲಿಂದ ಬಿಚ್ಚಿ ಹಾಕುವ ಮತ್ತು ಬ್ಯಾಲೆನ್ಸ್ ಮಾಡಿಸುವ ಕೂಲಿ ಎರಡು ಸಲ ಬೀಳುತ್ತದೆ. ಇನ್ನೊಂದು ಕಡೆ, ವಾರಾಂತ್ಯಕ್ಕೆ ಮಾತ್ರ ಹೊರಗೆ ತೆಗೆಯುವ ಕಾರಾದರೆ ಬಾಳಿಕೆಗೆ ದುಡ್ಡು ಕೊಡಲೇಬೇಡಿ. ಅಂಥ ಕಾರಿನ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ.

ಮಳೆಯ ಲೆಕ್ಕ

ಹೆಸರು ಗೊತ್ತಿಲ್ಲದ ಅತಿ ಅಗ್ಗದ ಟೈರುಗಳು ಒಣ ರಸ್ತೆಯಲ್ಲಿ ಈಗ ಅಷ್ಟೇನೂ ಕೆಟ್ಟದಾಗಿ ಓಡುವುದಿಲ್ಲ. ಅದಕ್ಕೇ ಹಾಕಿಸಿಕೊಂಡವರು "ಚೆನ್ನಾಗಿದೆ, ಏನೂ ತೊಂದರೆ ಇಲ್ಲ" ಅಂತ ಬರೆಯುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಮಳೆಯಲ್ಲಿ ಜೋರಾಗಿ ಬ್ರೇಕ್ ಒತ್ತುವ ಸಂದರ್ಭ ಬಂದಿಲ್ಲ ಅಷ್ಟೆ. ಒದ್ದೆಯಲ್ಲೂ ಹಿಡಿಯಬೇಕು, ಬೇಗ ಸವೆಯಲೂಬಾರದು ಅಂದರೆ ರಬ್ಬರಿನಲ್ಲಿ ಸಿಲಿಕಾ, ಬೇರೆ ಬೇರೆ ಪಾಲಿಮರ್ ಎಲ್ಲ ಹದವಾಗಿ ಬೆರೆಯಬೇಕು. ಕಂಪನಿಗಳು ವರ್ಷಗಟ್ಟಲೆ ಸಂಶೋಧನೆಗೆ ಸುರಿಯುವ ದುಡ್ಡು ಇಲ್ಲೇ ಕಾಣುವುದು. ಮೇಲಿನ ವಿನ್ಯಾಸ ನೋಡಿ ನಕಲು ಮಾಡಬಹುದು, ರಬ್ಬರಿನ ಹದವನ್ನು ನೋಡಿ ನಕಲು ಮಾಡಲು ಆಗುವುದಿಲ್ಲ.

ಒಂದು ಲೆಕ್ಕ ನೋಡಿ. ಗಂಟೆಗೆ 80 ಕಿಮೀ ವೇಗದಿಂದ ಒಂದು ಟೈರ್ 30 ಮೀಟರಿನಲ್ಲಿ ನಿಲ್ಲುತ್ತದೆ, ಇನ್ನೊಂದು 36 ಮೀಟರಿನಲ್ಲಿ ನಿಲ್ಲುತ್ತದೆ ಅಂದುಕೊಳ್ಳಿ. ಆರು ಮೀಟರ್ ತಾನೇ ಅನಿಸುತ್ತದೆ, ಅಲ್ವಾ? ಆದರೆ ಮೊದಲ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯ ಕಾರು ಇನ್ನೂ ಗಂಟೆಗೆ ಸುಮಾರು 33 ಕಿಮೀ ವೇಗದಲ್ಲಿ ಇರುತ್ತದೆ. ಬ್ರೇಕ್ ಹಾಕಿದಾಗ ವೇಗದ ದೊಡ್ಡ ಪಾಲು ಕೊನೆಯ ಕೆಲವು ಮೀಟರಿನಲ್ಲೇ ಇಳಿಯುವುದರಿಂದ ಹೀಗೆ. ಎದುರಿಗೆ ನಿಂತ ಲಾರಿಗೆ ಅಷ್ಟು ವೇಗದಲ್ಲಿ ಗುದ್ದಿದರೆ ಟೈರಿನಲ್ಲಿ ಉಳಿಸಿದ ದುಡ್ಡು ಬಂಪರಿಗೂ ಸಾಲುವುದಿಲ್ಲ.

ಯುರೋಪಿನಲ್ಲಿ ಮಾರುವ ಟೈರಿಗೆ ಒಂದು ಲೇಬಲ್ ಇರುತ್ತದೆ. ಒದ್ದೆ ಹಿಡಿತಕ್ಕೆ ಎ ಇಂದ ಇ ತನಕ ಅಕ್ಷರ ಕೊಡುತ್ತಾರೆ, 2021ರಿಂದ ಈ ಐದೇ ಹಂತ. ಎ ಅಥವಾ ಬಿ ಇಲ್ಲದ್ದನ್ನು ಸ್ಪೋರ್ಟ್ಸ್ ಕಾರಿಗೆ ನೋಡಲೂ ಹೋಗಬೇಡಿ. ಆದರೆ ಆ ಅಕ್ಷರವೇ ಪೂರ್ತಿ ಕಥೆ ಅಲ್ಲ. ಅದು ಅಳೆಯುವುದು ಹೊಸ ಟೈರ್ ನೇರ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಹೇಗೆ ನಿಲ್ಲುತ್ತದೆ ಅನ್ನುವುದನ್ನು ಮಾತ್ರ. ತಿರುವಿನಲ್ಲಿ ಹೇಗೆ, ನಿಂತ ನೀರಿನ ಮೇಲೆ ತೇಲುತ್ತದೆಯೇ, ಅರ್ಧ ಸವೆದ ಮೇಲೆ ಏನಾಗುತ್ತದೆ, ಇದ್ಯಾವುದೂ ಅಲ್ಲಿ ಇಲ್ಲ. ಅದಕ್ಕೆ ಸ್ವತಂತ್ರ ಟೈರ್ ಪರೀಕ್ಷೆಗಳನ್ನೇ ಓದಬೇಕು, ನಿಮ್ಮದೇ ಸೈಜಿನಲ್ಲಿ ಮಾಡಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಓದುವಾಗ ಒಟ್ಟು ಅಂಕ ಬಿಟ್ಟು ಒದ್ದೆ ಬ್ರೇಕಿಂಗ್ ಮತ್ತು ಒದ್ದೆ ತಿರುವಿನ ಸಾಲುಗಳನ್ನು ಮಾತ್ರ ನೋಡಿ.

ಹಾಗಾದರೆ ಕಡಿಮೆ ಬೆಲೆಯದ್ದು ಯಾವುದು

ಎರಡು ಒಳ್ಳೆಯ ದಾರಿಗಳಿವೆ. ಒಂದು, ಎರಡನೇ ಸಾಲಿನ ಬ್ರಾಂಡುಗಳು. ಕೊರಿಯಾದ ಹ್ಯಾಂಕೂಕ್, ಕುಮ್ಹೊ, ನೆಕ್ಸೆನ್, ಜಪಾನಿನ ಫಾಲ್ಕನ್, ಟೊಯೊ, ಯುರೋಪಿನ ವ್ರೆಡೆಸ್ಟೈನ್. ಇವು ಯಾವುವೂ ಊರು ಹೆಸರಿಲ್ಲದ ಕಂಪನಿಗಳಲ್ಲ, ಹೊಸ ಕಾರುಗಳಿಗೆ ಕಾರ್ಖಾನೆಯಲ್ಲೇ ಹಾಕುವಷ್ಟು ಒಳ್ಳೆಯ ಟೈರ್ ಮಾಡುತ್ತವೆ. ಹ್ಯಾಂಕೂಕ್ ವೆಂಟಸ್ ಎಸ್1 ಇವೊ3, ಫಾಲ್ಕನ್ ಅಜೆನಿಸ್ ಎಫ್‌ಕೆ520, ಟೊಯೊ ಪ್ರಾಕ್ಸೆಸ್ ಸ್ಪೋರ್ಟ್, ಕುಮ್ಹೊ ಎಕ್ಸ್ಟಾ ಪಿಎಸ್71, ನೆಕ್ಸೆನ್ ಎನ್‌ಫೆರಾ ಸ್ಪೋರ್ಟ್, ವ್ರೆಡೆಸ್ಟೈನ್ ಅಲ್ಟ್ರಾಕ್ ವೋರ್ಟಿ ಸಾಲು, ಇವೆಲ್ಲ ಬೇಸಿಗೆ ಬಗೆಯ ವೇಗದ ಟೈರುಗಳೇ. ಸ್ಟೀರಿಂಗ್‌ನ ಸೂಕ್ಷ್ಮದಲ್ಲಿ, ಟ್ರ್ಯಾಕ್ ಮೇಲೆ ಬಿಸಿಯಾದಾಗ, ದೊಡ್ಡ ಹೆಸರಿನವು ಮುಂದೆ ಇರಬಹುದು. ರಸ್ತೆಯ ಮೇಲೆ ಆ ವ್ಯತ್ಯಾಸ ಗೊತ್ತಾಗುವಷ್ಟು ಜೋರಾಗಿ ಓಡಿಸುವವರು ಕಡಿಮೆ, ಗೊತ್ತಾಗುವಷ್ಟು ಜೋರಾಗಿ ರಸ್ತೆಯಲ್ಲಿ ಓಡಿಸಲೂಬಾರದು.

ದೊಡ್ಡ ಕಂಪನಿಗಳ ತಮ್ಮಂದಿರ ಹಾಗಿರುವ ಬ್ರಾಂಡುಗಳನ್ನೂ ನೋಡಿ. ಫೈರ್‌ಸ್ಟೋನ್ 1988ರಿಂದ ಬ್ರಿಡ್ಜ್‌ಸ್ಟೋನ್ ಕೈಯಲ್ಲಿದೆ, ಜನರಲ್ ಟೈರ್ ಕಾಂಟಿನೆಂಟಲ್‌ನದು, ಬಿಎಫ್ ಗುಡ್ರಿಚ್ ಮಿಷೆಲಿನ್‌ನದು. ಫೈರ್‌ಹಾಕ್ ಇಂಡಿ 500 ಮತ್ತು ಜನರಲ್ ಜಿ-ಮ್ಯಾಕ್ಸ್ ಆರ್‌ಎಸ್ ಎರಡೂ ಹಣ ಎಣಿಸಿ ಖರ್ಚು ಮಾಡುವ ಸ್ಪೋರ್ಟ್ಸ್ ಕಾರಿನವರಿಗೆ ಚೆನ್ನಾಗಿ ಗೊತ್ತಿರುವ ಹೆಸರುಗಳು. ಆದರೆ ಅಣ್ಣನ ಹೆಸರು ನೋಡಿ ತಮ್ಮನ ಎಲ್ಲ ಟೈರನ್ನೂ ನಂಬಬೇಡಿ. ಒಂದೇ ಮನೆಯಲ್ಲಿ ವೇಗದ ಟೈರೂ ಇರುತ್ತದೆ, ಬಾಡಿಗೆ ಕಾರಿಗೆ ಹಾಕುವ ಟೈರೂ ಇರುತ್ತದೆ.

ಎರಡನೆಯ ದಾರಿ ನನಗೆ ಇನ್ನೂ ಇಷ್ಟ: ಹಿಂದಿನ ತಲೆಮಾರಿನ ದೊಡ್ಡ ಟೈರ್. ಹೊಸ ಮಾದರಿ ಬಂದ ಮೇಲೆ ಹಳೆಯ ಸ್ಟಾಕ್ ಬೆಲೆ ಇಳಿಸಿ ಮಾರುತ್ತಾರೆ. 2022ರ ಸುಮಾರಿಗೆ ಪೈಲಟ್ ಸ್ಪೋರ್ಟ್ 5, ಗುಡ್‌ಇಯರ್ ಈಗಲ್ ಎಫ್1 ಅಸಿಮೆಟ್ರಿಕ್ 6 ಬಂದವು. ಅದರಿಂದ ಪೈಲಟ್ ಸ್ಪೋರ್ಟ್ 4 ಆಗಲಿ ಅಸಿಮೆಟ್ರಿಕ್ 5 ಆಗಲಿ ರಾತ್ರೋರಾತ್ರಿ ಕೆಟ್ಟ ಟೈರ್ ಆಗಿಬಿಡಲಿಲ್ಲ. ಹೀಗೆ ಕೊಳ್ಳುವಾಗ ತಯಾರಾದ ದಿನಾಂಕ ಮಾತ್ರ ನೋಡಿ, ಮತ್ತು ನಾಲ್ಕನ್ನೂ ಒಟ್ಟಿಗೇ ತೆಗೆದುಕೊಳ್ಳಿ. ಮುಂದಿನ ವರ್ಷ ಅದೇ ಜೊತೆ ಸಿಗುವ ಭರವಸೆ ಇಲ್ಲ.

ಸೈಜ್ ಬದಲಿಸಿ ಉಳಿಸುವುದು

ಇದನ್ನು ಜನ ಯೋಚಿಸುವುದೇ ಕಡಿಮೆ. 225/40 ಆರ್18 ಟೈರಿನ ಹೊರ ವ್ಯಾಸ ಸುಮಾರು 637 ಮಿಮೀ. 225/45 ಆರ್17ರದು ಸುಮಾರು 634. ಅಂತರ ಶೇಕಡಾ ಅರ್ಧ. ಸ್ಪೀಡೊಮೀಟರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಇಂಚು ಇಳಿದ ಹಾಗೆ ಟೈರಿನ ಬೆಲೆಯೂ ಇಳಿಯುತ್ತದೆ, ಆಯ್ಕೆ ಜಾಸ್ತಿಯಾಗುತ್ತದೆ, ಗುಂಡಿಗೆ ಬಿದ್ದಾಗ ರಿಮ್ ಬಾಗುವ ಭಯವೂ ಕಡಿಮೆ. ಅದೇ ಮಾದರಿಯ ಕಾರು ಕೆಳಗಿನ ದರ್ಜೆಯಲ್ಲಿ 17 ಇಂಚಿನ ರಿಮ್ಮಿನೊಂದಿಗೆ ಬರುತ್ತಿದ್ದರೆ, ಹಳೆಯ ರಿಮ್ ಸೆಟ್ ಒಂದನ್ನು ಹುಡುಕಿ ಹಾಕಿಸಿಕೊಂಡವರು ಎರಡು ಸೆಟ್ ಟೈರಿನೊಳಗೆ ಆ ದುಡ್ಡು ವಾಪಸ್ ಪಡೆಯಬಹುದು. ಬ್ರೇಕ್ ಕ್ಯಾಲಿಪರ್‌ಗೆ (ಡಿಸ್ಕನ್ನು ಹಿಡಿಯುವ ಭಾಗ) ರಿಮ್ ತಾಗುತ್ತದೆಯೇ ಅಂತ ಮೊದಲು ನೋಡಲೇಬೇಕು. ದೊಡ್ಡ ಬ್ರೇಕಿನ ಕಾರುಗಳಲ್ಲಿ ಈ ಉಪಾಯ ನಡೆಯುವುದಿಲ್ಲ.

ಅಗಲ ಜಾಸ್ತಿ ಮಾಡುವುದು ಬೇರೆ ಕಥೆ. ಬೆಲೆ ಏರುತ್ತದೆ, ನೀರಿನ ಮೇಲೆ ತೇಲುವುದು ಬೇಗ ಶುರುವಾಗುತ್ತದೆ, ನೋಡಲು ಮಾತ್ರ ಚೆಂದ.

ಎರಡೇ ಸಾಕಾ, ನಾಲ್ಕೂ ಬೇಕಾ

ಎರಡು ಹಾಕಿಸುವುದಾದರೆ ಒಂದೇ ಆಕ್ಸಲ್‌ಗೆ ಜೋಡಿಯಾಗಿ ಹಾಕಿಸಿ, ಹಿಂದೆ ಮುಂದೆ ಒಂದೇ ಸೈಜ್ ಆಗಿದ್ದರೆ ಹೊಸದು ಹಿಂದಕ್ಕೆ, ಕಾರು ಮುಂಚಕ್ರ ಚಾಲನೆಯದ್ದಾದರೂ ಸರಿ. ಹಿಂದಿನ ಹಿಡಿತ ಮೊದಲು ತಪ್ಪಿದರೆ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ಸರಿಪಡಿಸುವುದು ಎಲ್ಲರಿಗೂ ಬರುವುದಿಲ್ಲ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ನಾಲ್ಕನ್ನೂ ಬದಲಿಸುವುದೇ ಕ್ಷೇಮ. ಟ್ರೆಡ್ ಆಳ ಎರಡು ಮೂರು ಮಿಮೀ ಹೆಚ್ಚು ಕಡಿಮೆ ಆದರೂ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗಳಿಗೆ ಸುಮ್ಮನೆ ಹೊರೆ ಬೀಳುತ್ತದೆ, ಅವುಗಳ ರಿಪೇರಿ ಟೈರಿನ ಹಾಗೆ ಅಗ್ಗ ಅಲ್ಲ.

ಅನೇಕ ಸ್ಪೋರ್ಟ್ಸ್ ಕಾರುಗಳಲ್ಲಿ ಹಿಂದಿನ ಟೈರ್ ಅಗಲ, ಮುಂದಿನದು ಕಿರಿದು. ಇಲ್ಲಿ ಅದಲು ಬದಲು ಮಾಡಿ ಬಾಳಿಕೆ ಹೆಚ್ಚಿಸಲು ಆಗುವುದಿಲ್ಲ, ಹಿಂದಿನದು ಬೇಗ ಮುಗಿಯುತ್ತದೆ. ಹಾಗಂತ ಹಿಂದಕ್ಕೆ ಅಗ್ಗದ ಬೇರೆ ಬ್ರಾಂಡ್ ಹಾಕಬೇಡಿ. ಮುಂದೆ ಅಂಟಂಟು ಟೈರ್, ಹಿಂದೆ ಜಾರುವ ಟೈರ್ ಅಂದರೆ ಅದಕ್ಕಿಂತ ಕೆಟ್ಟ ಜೋಡಿ ಇಲ್ಲ. ಇಂಥ ಕಾರಿಗೆ ಟೈರ್ ಆರಿಸುವಾಗಲೇ ಹಿಂದಿನ ಸೈಜಿನ ಬೆಲೆ ನೋಡಿ ತೀರ್ಮಾನಿಸಿ, ಪದೇ ಪದೇ ಕೊಳ್ಳಬೇಕಾದ್ದು ಅದನ್ನೇ.

ಪೋರ್ಷೆಗೆ ಎನ್ ಅಕ್ಷರ, ಬಿಎಂಡಬ್ಲ್ಯೂಗೆ ನಕ್ಷತ್ರ, ಮರ್ಸಿಡಿಸ್‌ಗೆ ಎಂಒ, ಹೀಗೆ ಕಾರು ಕಂಪನಿಯ ಗುರುತು ಇರುವ ಟೈರುಗಳು ಬರುತ್ತವೆ. ಅವು ಆ ಕಾರಿಗೆಂದೇ ಹದ ಮಾಡಿದವು, ನಿಜ. ವಾರಂಟಿಯ ಚಿಂತೆ ಇಲ್ಲದ ಹಳೆಯ ಕಾರಿಗೆ ಗುರುತಿಲ್ಲದ್ದನ್ನು ಹಾಕಿದರೆ ಆಕಾಶ ಕಳಚಿ ಬೀಳುವುದಿಲ್ಲ, ನಾಲ್ಕೂ ಒಂದೇ ತರಹ ಇರಲಿ ಅಷ್ಟೆ. ರನ್‌ಫ್ಲ್ಯಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್) ಬಿಟ್ಟು ಮಾಮೂಲಿ ಟೈರ್ ಹಾಕಿದರೆ ಬೆಲೆ ಇಳಿಯುತ್ತದೆ, ಕುಲುಕಾಟವೂ ಕಡಿಮೆಯಾಗುತ್ತದೆ. ಆದರೆ ಅಂಥ ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಪಂಕ್ಚರ್ ಕಿಟ್ ಮತ್ತು ಗಾಳಿ ಪಂಪ್ ಇಟ್ಟುಕೊಳ್ಳಬೇಕು.

ಬಳಸಿದ ಟೈರ್

ಬೇಡ. ಒಳಗೆ ಯಾವಾಗ ಯಾವ ಗುಂಡಿಗೆ ಬಿದ್ದು ಏಟು ತಿಂದಿದೆಯೋ ಹೊರಗಿನಿಂದ ಕಾಣುವುದಿಲ್ಲ. ಹೊಸ ಬೇಸಿಗೆ ಟೈರಿನಲ್ಲಿ ಟ್ರೆಡ್ ಆಳ ಸುಮಾರು 8 ಮಿಮೀ ಇರುತ್ತದೆ, ಅನೇಕ ದೇಶಗಳಲ್ಲಿ ಕಾನೂನಿನ ಕೊನೆಯ ಮಿತಿ 1.6, ಆದರೆ 3 ಮಿಮೀ ದಾಟಿ ಇಳಿದ ಮೇಲೆ ಮಳೆಯಲ್ಲಿ ಹಿಡಿತ ಕುಸಿಯುತ್ತದೆ. ಹಾಗಾಗಿ 5 ಮಿಮೀ ಉಳಿದಿರುವ ಹಳೆಯ ಟೈರಿನಲ್ಲಿ ನಿಮಗೆ ನಿಜವಾಗಿ ಸಿಗುವುದು 2 ಮಿಮೀ ಮಾತ್ರ. ಆ 2 ಮಿಲಿಮೀಟರಿಗೆ ಎಷ್ಟು ಕೊಡುತ್ತಿದ್ದೀರಿ ಅಂತ ಲೆಕ್ಕ ಹಾಕಿದರೆ ಹೊಸದೇ ಅಗ್ಗ ಅನಿಸುವುದು ಹೆಚ್ಚು.

ನಾನಾದರೆ

ದಿನವೂ ಓಡಿಸುವ, ಚಳಿ ಕಡಿಮೆ ಇರುವ ಕಡೆಯ ಕಾರಿಗೆ ಎರಡನೇ ಸಾಲಿನ ಬ್ರಾಂಡಿನ ಬೇಸಿಗೆ ಟೈರ್, ಅಥವಾ ಹಿಂದಿನ ತಲೆಮಾರಿನ ದೊಡ್ಡ ಹೆಸರು, ಎರಡರಲ್ಲಿ ಆ ದಿನ ಅಗ್ಗಕ್ಕೆ ಸಿಕ್ಕಿದ್ದು. ತುಂಬಾ ಚಳಿ ಇದ್ದರೆ ಆಲ್ ಸೀಸನ್; ಹಿಮ ಬೀಳುವ ಕಡೆ ಚಳಿಗಾಲಕ್ಕೇ ಬೇರೆ ಸೆಟ್. ವಾರಾಂತ್ಯದ ಕಾರಿಗೆ ಬಾಳಿಕೆ ಮರೆತು ಹಿಡಿತ. ಆಗಾಗ ಟ್ರ್ಯಾಕಿಗೆ ಹೋಗುವವರು ಒಂದೇ ಟೈರಿನಲ್ಲಿ ಎಲ್ಲ ಮುಗಿಸಲು ನೋಡುವುದಕ್ಕಿಂತ, ರಸ್ತೆಗೆ ಒಂದು ಸಾಧಾರಣ ಸೆಟ್, ಟ್ರ್ಯಾಕಿಗೆ ಹಳೆಯ ರಿಮ್ ಮೇಲೆ 200ರ ಸೆಟ್ ಇಟ್ಟುಕೊಂಡರೆ ಕೊನೆಗೆ ಕಡಿಮೆ ಖರ್ಚು. ಮೊದಲ ಬಿಲ್ ಮಾತ್ರ ಕಣ್ಣು ಕುಕ್ಕುತ್ತದೆ.

ಹಾಕಿಸುವ ದಿನ

ಟೈರ್ ರಿಮ್ಮಿಗೆ ಏರುವ ಮೊದಲು ಅದರ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕೆ ನೋಡಿ, ತಯಾರಾದ ವಾರ ಮತ್ತು ವರ್ಷ ಅದು. 2324 ಅಂದರೆ 2024ರ 23ನೇ ವಾರ. ಒಂದೆರಡು ವರ್ಷ ಹಳೆಯದಾಗಿದ್ದು ನೆರಳಲ್ಲಿ ಇಟ್ಟಿದ್ದರೆ ಚಿಂತೆ ಇಲ್ಲ, ಬೆಲೆ ಇಳಿಸಿ ಅಂತ ಕೇಳಬಹುದು. ಐದಾರು ವರ್ಷದ್ದಾದರೆ ವಾಪಸ್ ಕೊಡಿ.

ಹಳೆಯ ಟೈರನ್ನು ಬಿಸಾಡುವ ಮೊದಲು ಅದರ ಸವೆತ ನೋಡಿ. ಒಳ ಅಂಚು ಮಾತ್ರ ಬೋಳಾಗಿದ್ದರೆ ಅಲೈನ್‌ಮೆಂಟ್ ತಪ್ಪಿದೆ ಅಥವಾ ಸಸ್ಪೆನ್ಷನ್‌ನ ರಬ್ಬರ್ ಬುಷ್ ಹೋಗಿದೆ. ತಗ್ಗಿಸಿದ ಕಾರುಗಳಲ್ಲಿ ಇದು ಮಾಮೂಲು. ಅದನ್ನು ಸರಿಮಾಡಿಸದೆ ಎಷ್ಟೇ ಒಳ್ಳೆಯ ಟೈರ್ ಹಾಕಿದರೂ ಅದೇ ಗತಿ. ಅಲೈನ್‌ಮೆಂಟ್ ಮಾಡಿಸಿದ ಮೇಲೆ ಅಳತೆಯ ಚೀಟಿ ಕೇಳಿ ಇಟ್ಟುಕೊಳ್ಳಿ.

ಹೊರಗಡೆ, ಒಳಗಡೆ ಅಂತ ಬರೆದಿರುವ ಟೈರ್ ಸರಿಯಾದ ಮಗ್ಗುಲಲ್ಲಿ ಕೂತಿದೆಯೇ, ಬಾಣದ ಗುರುತು ಇದ್ದರೆ ಚಕ್ರ ಅದೇ ದಿಕ್ಕಿಗೆ ತಿರುಗುತ್ತದೆಯೇ ಅಂತ ಅಲ್ಲೇ ನಿಂತು ನೋಡಿ. ಗಾಳಿ ಬಾಗಿಲ ಸ್ಟಿಕ್ಕರಿನಲ್ಲಿ ಇರುವಷ್ಟು; ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸುವುದಲ್ಲ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಅಚ್ಚಿನ ಜಿಡ್ಡು ಹೋಗುವ ತನಕ ಹಗುರವಾಗಿ ಓಡಿಸಿ, ಆಮೇಲೆ ಒಂದು ಸಲ ಗಾಳಿಯನ್ನೂ ವೀಲ್ ನಟ್‌ಗಳನ್ನೂ ಪರೀಕ್ಷಿಸಿ.